ವಿಮಾನದ ವಿಷಯಕ್ಕೆ ದೇವರಲ್ಲಿ ಹೂ ಕೇಳಿದ್ದು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಕೂತು ಬರೆಯೋಣ ಅಂದುಕೊಂಡೆ. ಅದೂ ಆಯಿತು. ಊರ ಯಜಮಾನರು ಇರುವ ತನಕ ಬೇಡ, ಅವರಿಗೆ ನೋವಾಗುತ್ತದೆ ಎಂದು ಇನ್ನಷ್ಟು ಕಾಲ ತಳ್ಳಿದೆ. ಅವರು ತೀರಿಕೊಂಡೂ ಬಹಳ ದಿನವಾಯಿತು. ಈಗ ಯಾವ ನೆವವೂ ಉಳಿದಿಲ್ಲ. ನಡೆದದ್ದೆಲ್ಲ ನೆನಪಿದೆ. ಅದರಲ್ಲಿ ನಾನು ಮಾಡಿದ್ದೆಷ್ಟು, ತಾನಾಗಿ ಆದದ್ದೆಷ್ಟು ಎನ್ನುವುದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ.

ನಮ್ಮ ಊರು ನಂಜನಗೂಡು ತಾಲ್ಲೂಕಿನದು. ತಾಂಡವಪುರದ ಹತ್ತಿರ ಮೈಸೂರು ರಸ್ತೆ ಬಿಟ್ಟು ಒಳಗೆ ಹೋಗಬೇಕು. ರಸ್ತೆ ಕೂಡುವ ಕಡೆ ನನ್ನದೊಂದು ಸೈಕಲ್ ಶಾಪ್ ಇತ್ತು. ಪಂಕ್ಚರ್ ಹಾಕುತ್ತಿದ್ದೆ, ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದೆ. ಬೆಳಿಗ್ಗೆ ಊರ ದೇವರ ಪೂಜೆ ಮುಗಿಸಿ ಶಾಪಿಗೆ ಹೋಗುವುದು. ಪೂಜೆ ನಮ್ಮ ಮನೆತನದ್ದು. ಅಣ್ಣ ಇರುವ ತನಕ ಒಂದು ವರ್ಷ ಅವನು, ಒಂದು ವರ್ಷ ನಾನು ಎಂದು ಪಾಳಿಯಲ್ಲಿ ಮಾಡುತ್ತಿದ್ದೆವು. ಅವನು ಹೋದ ಮೇಲೆ ಎಲ್ಲ ನನ್ನ ಪಾಲಿಗೇ ಬಂತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರಿಂದ ಊರಿನವರ ಅರ್ಜಿ ಬರೆದುಕೊಡುವ ಕೆಲಸವೂ ನನ್ನದೇ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಮಗಳ ಜೊತೆ ಗುಡಿ ಬೀದಿಯ ಮೂಲೆ ಮನೆಯಲ್ಲಿದ್ದರು. ಮಗಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಇದ್ದಕ್ಕಿದ್ದಂತೆ ಜೋರು ಸದ್ದು ಕಿವಿಗೆ ಬಿದ್ದರೆ ನಿಂತಲ್ಲೇ ಬಿದ್ದು ಕೈಕಾಲು ಸೆಟೆದುಕೊಳ್ಳುತ್ತಿತ್ತು. ಯಾರಾದರೂ ಓಡಿಬಂದು ಬೀಗದ ಕೈ ಹಿಡಿಸುತ್ತಿದ್ದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದರು. ಆಗಲೇ ಇಪ್ಪತ್ತು ದಾಟಿದ್ದರೂ ಊರೆಲ್ಲ ಅವಳನ್ನು ಮೂಲೆ ಮನೆ ಮಗು ಎಂದೇ ಕರೆಯುತ್ತಿತ್ತು.

ಆ ಮಗುವಿಗಾಗಿ ಊರಿನಲ್ಲಿ ಒಂದು ನಡಾವಳಿ ಬೆಳೆದಿತ್ತು. ಮದುವೆಯ ಮೆರವಣಿಗೆ ಬಂದರೂ ಹೆಣ ಬಂದರೂ ಮೂಲೆ ಮನೆ ಹತ್ತಿರವಾಗುತ್ತಲೇ ತಮಟೆಯವರು ತಮಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಡೆಯುತ್ತಿದ್ದರು. ಬೀದಿ ತಿರುಗಿ ಹುಣಸೆಮರ ದಾಟಿದ ಮೇಲೆ ಮತ್ತೆ ಬಡಿಯುವುದು. ಬೇರೆ ಊರಿನ ಮೇಳದವರಿಗೆ ವೀಳ್ಯ ಕೊಡುವಾಗಲೇ ಇದನ್ನು ಹೇಳುತ್ತಿದ್ದರು. ದೀಪಾವಳಿಯಲ್ಲಿ ಆ ಬೀದಿಯಲ್ಲಿ ಪಟಾಕಿ ಇಲ್ಲ. ಗುಡಿಯ ಜಾಗಟೆಯ ಕೋಲಿಗೆ ಅಣ್ಣನೇ ಹಳೆ ಪಂಚೆಯ ತುಂಡು ಸುತ್ತಿಟ್ಟಿದ್ದ. ಬಡಿದರೆ ಚರ್ಮದ ಮೇಲೆ ಬಡಿದ ಹಾಗೆ ಮಂಕಾಗಿ ಕೇಳುತ್ತಿತ್ತು. ದೇವರಿಗೆ ಅಷ್ಟು ಸಾಕು ಅನ್ನುತ್ತಿದ್ದ. ಯಾರೂ ಬೇಸರ ಪಟ್ಟುಕೊಂಡದ್ದು ನಾನು ಕಾಣೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ವಿಮಾನ ನಿಲ್ದಾಣದ ಸುದ್ದಿ ಜೋರಾಯಿತು. ಮೈಸೂರು ರಸ್ತೆಯ ಪಕ್ಕದಲ್ಲಿ ದೊಡ್ಡ ವಿಮಾನ ಇಳಿಯುವ ಹಾಗೆ ಮಾಡುತ್ತಾರಂತೆ, ಇಳಿಯುವಾಗ ನಮ್ಮ ಕಡೆಯ ಊರುಗಳ ಮೇಲೇ ಹಾದುಹೋಗುತ್ತದಂತೆ ಎಂದು ಬಸ್ಸಿನಲ್ಲಿ, ಡೈರಿಯಲ್ಲಿ ಅದೇ ಮಾತು. ಒಂದು ದಿನ ಸ್ಕೂಲಿನ ಮುಂದೆ ಶಾಮಿಯಾನ ಹಾಕಿ ಸಭೆ ಮಾಡಿದರು. ಬಂದಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ನಿಧಾನವಾಗಿ ಮಾತಾಡುತ್ತಿದ್ದರು. ಇನ್ನೂ ಏನೂ ತೀರ್ಮಾನವಾಗಿಲ್ಲ, ತಕರಾರು ಇದ್ದವರು ಬರೆದು ಕೊಡಬಹುದು, ಊರಿನಿಂದ ಒಟ್ಟಾಗಿ ಕೊಟ್ಟರೆ ಇನ್ನೂ ಒಳ್ಳೆಯದು ಎಂದರು.

ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಿದ್ದವನೊಬ್ಬ ಎದ್ದ. "ಸಾ, ಅದರ ಒಗೆ ಎಲ್ಲಿಗ್ ಓಯ್ತದೆ?"

"ಮೇಲಕ್ಕೆ ಹೋಗುತ್ತಪ್ಪ."

"ಮ್ಯಾಲಕ್ ಓದದ್ದು ಕೆಳಕ್ ಬರಾಕಿಲ್ವಾ ಸಾ? ಸೊಪ್ಪಿನ್ ಮ್ಯಾಲೆ ಮಸಿ ಕೂತ್ರೆ ನಮ್ ಉಳ ಬಾಯಿ ಇಕ್ಕಾಕಿಲ್ಲ."

"ನಿನ್ ಉಳಕ್ಕೆ ಇಮಾನದಲ್ಲೇ ಸೊಪ್ ತರ್ಸು ಬುಡ್ಲಾ," ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಇನ್ನೊಬ್ಬ ತನ್ನ ಎಮ್ಮೆಯ ವಿಷಯ ತೆಗೆದ. "ಎಮ್ಮೆ ಬೆದ್ರಿ ಸೊರ ಬುಡದೆ, ಆಲ್ ಕೊಡದೆ ಓದ್ರೆ ಡೈರಿಗೆ ಏನ್ ಸಾ ಆಕ್ಲಿ?" ಅಧಿಕಾರಿಯೂ ನಕ್ಕು ಬರೆದುಕೊಂಡರು.

ಹೆಂಗಸರ ಕಡೆ ನಿಂತಿದ್ದ ಅತ್ತಿಗೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಸಾಮಿ, ಅದು ನಮ್ ಬೀದಿ ಮ್ಯಾಲೇ ಓಯ್ತದಾ?"

"ಗಾಳಿ ನೋಡಿಕೊಂಡು ಇಳಿಸುತ್ತಾರಮ್ಮ. ಈಗಲೇ ಹೇಳೋದಕ್ಕೆ ಆಗಲ್ಲ."

"ತಮಟೆಯವ್ರಾದ್ರೆ ಏಳ್ಬೌದು, ನಿಲ್ಲಿಸ್ತಾರೆ. ಮ್ಯಾಲ್ ಓಗೋದಕ್ಕೆ ಯಾರ್ ಏಳೋರು?"

ಅಧಿಕಾರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ಮೂಲೆ ಮನೆಯ ವಿಷಯವನ್ನೆಲ್ಲ ನಾನು ಅಲ್ಲೇ ಬಿಡಿಸಿ ಹೇಳಬಹುದಿತ್ತು. "ಅವರ ಮಗಳಿಗೆ ಸ್ವಲ್ಪ ಹುಷಾರಿಲ್ಲ ಸಾರ್" ಎಂದಷ್ಟೇ ಹೇಳಿದೆ. ಅವರು, "ನೀವು ಓದಿದವರ ಹಾಗೆ ಕಾಣ್ತೀರಿ, ನೀವೇ ತಿಳಿಸಿ ಹೇಳಿ" ಎಂದು ನನ್ನ ಭುಜ ಮುಟ್ಟಿದರು.

ಆ ಮಾತಿಗೆ ನಾನು ಉಬ್ಬಿದೆನೋ, ಅಥವಾ ಮೊದಲೇ ನನ್ನ ಮನಸ್ಸು ಆ ಕಡೆ ವಾಲಿತ್ತೋ ಹೇಳಲಾರೆ. ಮೊಪೆಡ್ಡುಗಳು ಬಂದು ಸೈಕಲ್ ಬಾಡಿಗೆ ಕುಗ್ಗುತ್ತಿತ್ತು. ನಿಲ್ದಾಣವಾದರೆ ರಸ್ತೆ ಅಗಲವಾಗುತ್ತದೆ, ಅಲ್ಲೊಂದು ಟೀ ಅಂಗಡಿ ಇಡಬಹುದು ಎಂಬ ಆಸೆ ಇತ್ತು. ಅದಕ್ಕಿಂತ ಹೆಚ್ಚಾಗಿ, ನಾಚಿಕೆಯಿಲ್ಲದೆ ಹೇಳುವುದಾದರೆ, ನಮ್ಮ ಊರಿನ ಮೇಲೆ ವಿಮಾನ ಹೋಗುವುದನ್ನು ನೋಡಬೇಕೆಂಬ ಆಸೆಯೇ ಇತ್ತು. ಶಾಪಿಗೆ ಬಂದವರು ಕಿಚಾಯಿಸುತ್ತಿದ್ದರು: "ಗಾಳಿ ಒಡೆಯೋನು ಗಾಳೀಲಿ ಓಗೋದ್ರ ಪರ ಇರ್ದೆ ಇನ್ನೇನ್ಲಾ ಮಾಡಾನು?"

ಸಭೆಯ ಮಾರನೆಯ ದಿನ ಅತ್ತಿಗೆ ಶಾಪಿನವರೆಗೆ ನಡೆದು ಬಂದರು.

"ಒಂದ್ ಕಾಗ್ದ ಬರ್ಕೊಡಪ್ಪ. ಬರ್ಬ್ಯಾಡಿ ಅಂತ ಬರೀಬ್ಯಾಡ. ನಮ್ ಬೀದಿ ಬುಟ್ಟು ಆ ಕಡೀಕ್ ಓಗ್ಲಿ ಅಂತ ಬರಿ. ನಾನ್ ಎಬ್ಬೆಟ್ ಒತ್ತೀನಿ."

"ಊರಿನ ತೀರ್ಮಾನ ಆಗಲಿ ತಾಳಿ ಅತ್ತಿಗೆ," ಎಂದೆ. "ಒಬ್ಬೊಬ್ಬರೇ ಕೊಟ್ಟರೆ ಚೆನ್ನಾಗಿರಲ್ಲ."

ಅವರು ಒಪ್ಪಿಕೊಂಡು ಹೋದರು. ನಾನು ಹೇಳಿದ್ದನ್ನು ಅವರು ಯಾವಾಗಲೂ ಒಪ್ಪಿಕೊಳ್ಳುತ್ತಿದ್ದರು.

ಊರಿನ ತೀರ್ಮಾನ ಸುಲಭವಾಗಿ ಆಗಲಿಲ್ಲ. ಅರ್ಧ ಜನ ತಕರಾರು ಕೊಡೋಣ ಎಂದರು, ಅರ್ಧ ಜನ ಬೇಡ ಎಂದರು. ಕೊನೆಗೆ ಯಜಮಾನರು ಜಗಲಿಯ ಮೇಲೆ ಕೂತು, "ಕಿತ್ತಾಡ್ಬ್ಯಾಡಿ. ದೇವ್ರನ್ನೇ ಕೇಳಾವ," ಎಂದರು.

ನಮ್ಮ ಕಡೆ ದೇವರನ್ನು ಕೇಳುವುದೆಂದರೆ ಹೂ ಕೇಳುವುದು. ವಿಗ್ರಹದ ಎರಡು ಭುಜಕ್ಕೂ ಒಂದೊಂದು ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಕೇಳಿ ಕಾಯುತ್ತಾರೆ. ನೀರು ಆರುತ್ತಾ ಯಾವುದೋ ಒಂದು ಉದುರುತ್ತದೆ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ಹೆಣ್ಣು ನೋಡಲು ಹೊರಡುವಾಗ, ಬಾವಿ ತೋಡುವಾಗ, ಕಳೆದುಹೋದ ದನ ಹುಡುಕುವಾಗ ಎಲ್ಲಕ್ಕೂ ಕೇಳುತ್ತಿದ್ದರು. ಹೂ ಇಡುವವನು ಪೂಜೆಯವನು. ಅಂದರೆ ನಾನು.

ಇಲ್ಲಿಂದ ಮುಂದಿನದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ ಗರ್ಭಗುಡಿಯಲ್ಲಿ ಒಬ್ಬನೇ ಇದ್ದಾಗ ಗಂಧವನ್ನು ಎಂದಿಗಿಂತ ಗಟ್ಟಿಯಾಗಿ ತೇಯ್ದೆ. ಎಡಗಡೆಯ ಹೂವಿನ ತೊಟ್ಟಿಗೆ ಅದನ್ನು ಮೆತ್ತಿ ಭುಜಕ್ಕೆ ಒತ್ತಿದೆ. ಬಲಗಡೆಯದಕ್ಕೆ ಬರೀ ನೀರು. ದೇವರ ಮುಖ ನೋಡಿದೆನೋ ಇಲ್ಲವೋ ನೆನಪಿಲ್ಲ. ನನಗೆ ದೇವರಲ್ಲಿ ನಂಬಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಂಬಿಕೆ ಇದ್ದೂ ಮಾಡಿದೆ. ಹೇಗೆ ಎಂದು ಕೇಳಿದರೆ ನನಗೂ ತಿಳಿಯದು.

ಜನ ಸೇರಿದರು. ಯಜಮಾನರು ಕೈಮುಗಿದು, "ಇಮಾನ ಬರ್ಲಿ ಅನ್ನಂಗಿದ್ರೆ ಬಲಗಡೆ ಕೊಡಪ್ಪ. ಬ್ಯಾಡ, ತಕರಾರ್ ಆಕಿ ಅನ್ನಂಗಿದ್ರೆ ಎಡಗಡೆ ಕೊಡು," ಎಂದು ಕೇಳಿದರು. ಅತ್ತಿಗೆ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದರು. ಮಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಕಾದೆವು. ಹೂ ಬೀಳಲಿಲ್ಲ. ಮಳೆಗಾಲ, ಗುಡಿಯೆಲ್ಲ ತಂಡಿ, ನೀರು ಆರುವುದೇ ಇಲ್ಲ. ಮುದುಕರು ಕೂತಲ್ಲೇ ತೂಕಡಿಸಿದರು. "ದೇವ್ರಿಗೂ ಇಮಾನ ಅಂದ್ರೇನು ಅಂತ ಗೊತ್ತಿರ್ಬೇಕಲ್ಲ," ಎಂದೊಬ್ಬ ಗೊಣಗಿದ. "ಬಾಯ್ ಮುಚ್ಕಳ್ಲಾ," ಎಂದು ಅವನ ಮಾವ ಗದರಿದ. ನನಗೆ ಭಯ ಶುರುವಾಯಿತು. ನಾನು ಮಾಡಿದ್ದು ದೇವರಿಗೆ ಗೊತ್ತಾಗಿ ಎರಡನ್ನೂ ಹಿಡಿದುಕೊಂಡು ಕೂತಿದ್ದಾನೆ ಅನಿಸಿತು. ಹೇಗಾದರೂ ಬಲಗಡೆಯದು ಬಿದ್ದು ಮುಗಿದರೆ ಸಾಕಿತ್ತು.

"ಮಂಗಳಾರತಿ ಮಾಡಿ ನೋಡಾವ," ಎಂದರು ಯಜಮಾನರು.

ನಾನು ಜಾಗಟೆಯ ಕೋಲು ತೆಗೆದುಕೊಂಡೆ. ಸುತ್ತಿದ್ದ ಬಟ್ಟೆಯನ್ನು ಬಿಚ್ಚತೊಡಗಿದೆ. ಸದ್ದಿಗೆ ಕಲ್ಲು ಅದುರಿದರೆ ಹೂ ಬೀಳುತ್ತದೆ ಎಂದು ನನ್ನ ಲೆಕ್ಕ.

"ಬಟ್ಟೆ ಬಿಚ್ಬ್ಯಾಡ ಕಣಪ್ಪ," ಎಂದರು ಅತ್ತಿಗೆ.

"ಒಂದು ಗಳಿಗೆ ಅತ್ತಿಗೆ. ದೇವರ ಕೆಲಸ."

"ಮಗು ಒಂದೇ ಅದೆ ಮನೇಲಿ."

"ಓಗಿ ಬಾಗ್ಲಾಕ್ಕೊಂಡ್ ಜತೇಲಿರಿ ಮತ್ತೆ," ಎಂದು ಯಾರೋ ಹೇಳಿದರು. ಅವರು ಮೆಟ್ಟಿಲಿಳಿದು ಓಡಿದರು. ಅವರು ಮನೆ ಮುಟ್ಟುವ ತನಕ ಕಾಯಬಹುದಿತ್ತು. ಬಟ್ಟೆಯನ್ನು ಎಡಗೈಗೆ ಸುತ್ತಿಕೊಂಡು, ಕೋಲನ್ನು ಪಕ್ಕದಲ್ಲಿದ್ದವನ ಕೈಗೆ ಕೊಟ್ಟು, "ಬಡಿ" ಎಂದೆ. ಎಷ್ಟೋ ವರ್ಷದ ಮೇಲೆ ಆ ಜಾಗಟೆ ಬಾಯಿಬಿಟ್ಟು ಕೂಗಿತು. ನಾನು ಗಂಟೆ ಹಿಡಿದು ಆರತಿ ಎತ್ತಿದೆ. ಬಲಗಡೆಯ ಹೂವು ಪೀಠದ ಮೇಲೆ ಬಿತ್ತು.

"ಕೊಟ್ಬುಟ್ಟ," ಎಂದು ಯಜಮಾನರು ಅಡ್ಡಬಿದ್ದರು. ಎಲ್ಲರೂ ಅಡ್ಡಬಿದ್ದರು. ನಾವು ಏಳುವಷ್ಟರಲ್ಲಿ ಬೀದಿಯಿಂದ ಅತ್ತಿಗೆ ಅರಚಿದ್ದು ಕೇಳಿಸಿತು.

ಮಗು ಅಡಿಗೆಮನೆಯಲ್ಲಿ ರುಬ್ಬುವ ಕಲ್ಲಿನ ಮೇಲೆ ಬಿದ್ದಿದ್ದಳು. ಹಣೆ ಒಡೆದಿತ್ತು. ನನ್ನ ಕೈಯಲ್ಲಿ ಆ ಪಂಚೆಯ ತುಂಡು ಹಾಗೇ ಇತ್ತು. ಅದನ್ನೇ ಒತ್ತಿ ಹಿಡಿದೆ. "ಎಣ್ಣೆ ಬಟ್ಟೆ ಕಣ್ಲಾ, ಕೀವಾಯ್ತದೆ ತೆಗಿ," ಎಂದು ಒಬ್ಬರು ಕಿತ್ತು ಎಸೆದು ಬೇರೆ ಬಟ್ಟೆ ಇಟ್ಟರು. ಹಾಲಿನ ಕ್ಯಾನು ಸಾಗಿಸುವ ಟೆಂಪೋದಲ್ಲಿ ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊಲಿಗೆ ಹಾಕಿದರು. ಹುಬ್ಬಿನ ಮೇಲೆ ಗುರುತು ಉಳಿಯಿತು.

ಮಾರನೆಯ ಬೆಳಿಗ್ಗೆ ವಿಗ್ರಹ ತೊಳೆಯಲು ಹೋದೆ. ಎಡಗಡೆಯ ಹೂವು ಇನ್ನೂ ಅಲ್ಲೇ ಇತ್ತು. ಕಿತ್ತು ಹಾಕೋಣವೆಂದು ಕೈಯೊಡ್ಡಿದೆ. ಬೆರಳು ತಾಕುವ ಮೊದಲೇ ಉದುರಿತು. ನೋಡಿದರೆ ಗಂಧ ಕಲ್ಲಿಗೆ ಕಚ್ಚಿಯೇ ಇರಲಿಲ್ಲ. ಒಣಗಿ ಬಿಲ್ಲೆಯಾಗಿ ತೊಟ್ಟಿನ ಸಮೇತ ಬಿಟ್ಟುಕೊಂಡಿತ್ತು. ಅದು ಎಷ್ಟು ಹೊತ್ತಿನಿಂದ ಹಾಗಿತ್ತು? ಹಿಂದಿನ ದಿನವೇ ಸಡಿಲವಾಗಿದ್ದರೆ ಎರಡು ಹೂವೂ ಒಂದೇ ಸಮ, ಜಾಗಟೆಗೆ ಅದೂ ಬೀಳಬಹುದಿತ್ತು, ಆದರೂ ಬಿದ್ದದ್ದು ಬಲಗಡೆಯದೇ. ಹಾಗಾದರೆ ಬಲಗಡೆ ಕೊಟ್ಟವನು ದೇವರೇ ಇರಬೇಕು. ದೇವರೇ ಆದರೆ, ಆ ಮಗು ಬಿದ್ದದ್ದಕ್ಕೆ ಏನು ಹೇಳಲಿ? ಅಥವಾ ಗಂಧ ರಾತ್ರಿ ಒಣಗಿರಬೇಕು, ಎಲ್ಲ ನನ್ನದೇ ಕೆಲಸ. ಆವತ್ತಿನಿಂದ ಇದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದೇನೆ. ನನ್ನದೇ ತಪ್ಪು ಎಂದುಕೊಂಡಾಗ ಮನಸ್ಸಿಗೆ ಒಂದು ಬಗೆಯ ನೆಮ್ಮದಿ ಸಿಗುತ್ತದೆ. ಅದು ಯಾಕೆಂದೂ ಗೊತ್ತಿಲ್ಲ.

ಸುತ್ತಲ ಊರುಗಳಿಂದ ತಕರಾರು ಹೋದವು ಎಂದು ಕೇಳಿದೆ. ನಮ್ಮ ಊರಿಂದ ಒಂದು ಕಾಗದವೂ ಹೋಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನೇ ಅತ್ತಿಗೆಯ ಮನೆಗೆ ಹೋಗಿ, ನಿಮ್ಮ ಹೆಸರಿನಲ್ಲಿ ಬರೆದುಕೊಡುತ್ತೇನೆ, ಇನ್ನೂ ಸಮಯವಿದೆ ಎಂದೆ. ಅವರು ತಲೆಯಾಡಿಸಿದರು. "ದೇವ್ರೇ ಕೊಟ್ ಮ್ಯಾಲೆ ನಂದೇನದೆ? ಅವನ್ಗೆ ತಿರುಗ್ ಬಿದ್ದಂಗಾಯ್ತದೆ." ಆಗ ನಾನು ಗಂಧದ ವಿಷಯ ಹೇಳಬೇಕಿತ್ತು. ಹೇಳಿದ್ದರೆ ಅವರು ಹೆಬ್ಬೆಟ್ಟು ಒತ್ತುತ್ತಿದ್ದರು.

ಸ್ವಲ್ಪ ಕಾಲದಲ್ಲೇ ಅವರು ಮಗಳನ್ನು ಕರೆದುಕೊಂಡು ತವರಿಗೆ ಹೊರಟುಹೋದರು. ಟಿ. ನರಸೀಪುರ ತಾಲ್ಲೂಕು, ಬನ್ನೂರಿನ ಆಚೆ. ವಿಮಾನ ಬಂದಮೇಲೆ ಇಲ್ಲಿ ಹೇಗೂ ಇರಲಾಗುವುದಿಲ್ಲ, ಈಗಲೇ ಹೋಗುತ್ತೇನೆ ಎಂದರು. ಯಾರೂ ತಡೆಯಲಿಲ್ಲ. ನಾನೂ ಬಸ್ಸಿಗೆ ಟ್ರಂಕು ಹತ್ತಿಸಿ ಬಂದೆ.

ವಿಮಾನ ಅಷ್ಟು ಬೇಗ ಬರಲಿಲ್ಲ. ವರ್ಷಗಳು ಹೋದವು. ಕೆಲಸ ನಡೆಯುತ್ತದೆ, ನಿಲ್ಲುತ್ತದೆ, ಮತ್ತೆ ನಡೆಯುತ್ತದೆ. ಸೈಕಲ್ ಶಾಪ್ ಮುಚ್ಚಿದೆ, ಟೀ ಅಂಗಡಿ ಇಡಲಿಲ್ಲ. ಕೊನೆಗೊಂದು ದಿನ ವಿಮಾನ ಬಂತು. ಹೊಲದಲ್ಲಿದ್ದವರೆಲ್ಲ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಸದ್ದು ಇತ್ತು, ಆದರೆ ಮೈಸೂರು ರಸ್ತೆಯಲ್ಲಿ ಲೋಡು ಲಾರಿ ಗೇರು ಬದಲಾಯಿಸುವಾಗ ಬರುವುದಕ್ಕಿಂತ ಹೆಚ್ಚೇನೂ ಅನಿಸಲಿಲ್ಲ. ಕೆಲವು ದಿನ ತೀರಾ ಕೆಳಗೆ ಬಂದು ಗುಡಿಯ ಗಂಟೆಯ ನಾಲಗೆ ಅಲ್ಲಾಡುತ್ತಿತ್ತು. ಕೆಲವು ಸಂಜೆ ಸೀಮೆಎಣ್ಣೆಯ ವಾಸನೆ ಬಂದ ಹಾಗಾಗುತ್ತಿತ್ತು. ಅದು ವಿಮಾನದ್ದೋ, ಪಕ್ಕದ ಮನೆಯ ಸ್ಟೌವಿನದೋ? ಹುಳ ಸಾಕುವವನನ್ನು ಕೇಳಿದೆ. "ಒಂದ್ ದಪ ತಿಂತವೆ, ಒಂದ್ ದಪ ತಿನ್ನಾಕಿಲ್ಲ. ಮೊದ್ಲೂ ಅಂಗೇ ಅಲ್ವಾ?" ಎಂದ. ಹಾಗಾದರೆ ಅತ್ತಿಗೆ ಹೆದರಿದ್ದು ನಿಜವಾಯಿತೋ ಸುಳ್ಳಾಯಿತೋ ನನಗೆ ತಿಳಿಯಲಿಲ್ಲ. ಅವರು ಇಲ್ಲೇ ಇದ್ದಿದ್ದರೆ ತಿಳಿಯುತ್ತಿತ್ತು.

ಅದಾದ ಮೇಲಿನ ಚಳಿಗಾಲದಲ್ಲಿ ನಾನು ಬನ್ನೂರಿಗೆ ಹೊರಟೆ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹೋಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವರ ಊರಿನ ಹತ್ತಿರ ಇಳಿದಾಗ ಮೊದಲು ಕೇಳಿಸಿದ್ದೇ ಸದ್ದು. ಅತ್ತಿಗೆಯ ಅಣ್ಣನ ಗದ್ದೆಯಲ್ಲಿ ಆಲೆಮನೆ. ಕಬ್ಬು ಅರೆಯುವ ಎಂಜಿನ್ನು ದುಡುದುಡು ಎನ್ನುತ್ತಿತ್ತು. ಮನೆ ಅದಕ್ಕೆ ಕೂಗಳತೆಯಲ್ಲೇ ಇತ್ತು.

"ಇಲ್ಲಿ ಮಗು ಹೇಗಿದ್ದಾಳೆ ಅತ್ತಿಗೆ, ಈ ಸದ್ದಿನಲ್ಲಿ?"

"ಅಭ್ಯಾಸ ಆಗೋಯ್ತು ಕಣಪ್ಪ. ಮೈಸೂರ್ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ವರ್ಸಕ್ಕೆ ಒಂದ್ ಸಲನೋ ಎಲ್ಡ್ ಸಲನೋ ಬತ್ತದೆ, ಅಷ್ಟೆ. ಆಲೆ ನಿಂತ್ರೇ ಅವಳ್ಗೆ ಬೇಜಾರು."

ಜೋಡಿಸಿಕೊಂಡ ಮಾತೆಲ್ಲ ಕಲಸಿಹೋಯಿತು. ಆದರೂ ಹೇಳಿದೆ. ಗಂಧ ಮೆತ್ತಿದ್ದು, ಬಟ್ಟೆ ಬಿಚ್ಚಿದ್ದು, ಯಾಕೆ ಬಿಚ್ಚಿದೆನೆಂಬುದು, ಎಲ್ಲ. ನನ್ನಿಂದ ತಪ್ಪಾಯಿತು ಅತ್ತಿಗೆ, ಕ್ಷಮಿಸಬೇಕು ಎಂದು ಕೈಮುಗಿದೆ.

"ಅವತ್ ಕಾಗ್ದ ಕೊಟ್ಟಿದ್ರೆ ಇಮಾನ ನಿಂತೋಗದಾ?"

"ಇಲ್ಲ ಅನಿಸುತ್ತೆ."

"ಆ ಕಡೀಕ್ ತಿರುಗ್ಸೋರಾ?"

"ಗೊತ್ತಿಲ್ಲ ಅತ್ತಿಗೆ. ಇರಲಿಕ್ಕಿಲ್ಲ."

"ಮತ್ಯಾಕ್ ಬರ್ಕೊಡ್ನಿಲ್ಲ?"

ಏನೂ ಆಗದ ಒಂದು ಕಾಗದವನ್ನು ತಡೆಯಲು ದೇವರ ಭುಜಕ್ಕೆ ಗಂಧ ಮೆತ್ತಿದವನಿಗೆ ಯಾವ ಉತ್ತರ ಇರುತ್ತದೆ? "ಬುಡು. ಉಂಡ್ಕೊಂಡ್ ಓಗು," ಎಂದು ಅವರು ಒಳಗೆ ಎದ್ದುಹೋದರು. ಅದು ಕ್ಷಮಿಸಿದ ಹಾಗೋ, ಮಾತು ಮುಗಿಸಿದ ಹಾಗೋ ಈಗಲೂ ಗೊತ್ತಿಲ್ಲ.

ಅಲ್ಲಿಯ ತನಕ ಅವರ ಮಗಳು ಜಗಲಿಯ ಆ ತುದಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾವು ಆಡಿದ್ದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಅವಳು ಕೇಳುತ್ತಿದ್ದಾಳೆ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಸಿಪ್ಪೆ ಪಕ್ಕಕ್ಕೆ ತಳ್ಳಿ ನನ್ನ ಕಡೆ ತಿರುಗಿದಳು. ಹುಬ್ಬಿನ ಮೇಲಿನ ಗುರುತು ಕಂಡಿತು.

"ಚಿಕ್ಕಪ್ಪ, ಇಮಾನ ನಮ್ ಬೀದಿ ಮ್ಯಾಲೇ ಬತ್ತದಾ?"

"ಬರುತ್ತೆ ಕಣವ್ವ. ಒಂದೊಂದು ದಿನ."

"ಎಷ್ಟ್ ದೊಡ್ದಾಗ್ ಕಾಣ್ತದೆ? ಕೆಳಗಿಂದ ಅದ್ರ ಒಟ್ಟೆ ಕಾಣ್ತದಾ?"

"ಕಾಣುತ್ತೆ. ಚಕ್ರ ಬಿಟ್ಟಿರೋದೂ ಕಾಣುತ್ತೆ."

"ಅವಾಗ್ಲೂ ನಂಗ್ ನೋಡ್ಬೇಕು ಅಂತಿತ್ತು. ಯಾರೂ ಕೇಳ್ನಿಲ್ಲ," ಎಂದು ಇನ್ನೊಂದು ಹಿಡಿ ಅವರೆಕಾಯಿ ಎತ್ತಿಕೊಂಡಳು.

ವಿಮಾನ ಬೇಕು ಎಂದವನು ನಾನು. ನಮ್ಮ ಬೀದಿಗೆ ಬೇಡ ಎಂದವರು ಅವಳ ತಾಯಿ. ಊರಿಗೆ ಊರೇ ದೇವರನ್ನು ಕೇಳಿತೇ ಹೊರತು ನಿನಗೇನು ಬೇಕು ಎಂದು ಅವಳನ್ನು ಕೇಳಲಿಲ್ಲ. ವಿಮಾನದ ರೆಕ್ಕೆ ಹೇಗಿರುತ್ತದೆ, ಬಿಸಿಲಿಗೆ ಹೇಗೆ ಹೊಳೆಯುತ್ತದೆ ಎಂದು ನಾನು ಹೇಳುತ್ತಾ ಹೋದೆ. ಅವಳು ನಗುತ್ತಾ ಕೇಳಿಸಿಕೊಂಡಳು. ಊಟ ಮಾಡಿದೆ. ಅತ್ತಿಗೆ ಬೆಲ್ಲ ಕಟ್ಟಿಕೊಟ್ಟರು. ಕೊನೆಯ ಬಸ್ಸಿಗೆ ಮುಂಚೆ ಹೊರಟುಬಂದೆ.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಅತ್ತಿಗೆಯ ಹತ್ತಿರ ಕೈಮುಗಿದೆ, ದಿನವೂ ದೇವರ ಹತ್ತಿರ ತಪ್ಪು ಒಪ್ಪಿಕೊಳ್ಳುತ್ತೇನೆ. ಯಜಮಾನರ ಹೆಣಕ್ಕೆ ಹಾರ ಹಾಕುವಾಗ ಅವರ ಹತ್ತಿರವೂ ಕೇಳಿಕೊಂಡೆ. ರುಬ್ಬುವ ಕಲ್ಲಿಗೆ ಹಣೆ ಒಡೆದುಕೊಂಡವಳ ಹತ್ತಿರ ಮಾತ್ರ ರೆಕ್ಕೆಯ ಮಾತಾಡಿ ಬಂದೆ. ಆಮೇಲೂ ಹೋಗಿಲ್ಲ. ಈಗ ಮೊಣಕಾಲು ಬಸ್ಸು ಹತ್ತಲು ಬಿಡುವುದಿಲ್ಲ ಎನ್ನುವುದು ನಿಜವೋ, ಇನ್ನೊಂದು ನೆವವೋ ತಿಳಿಯದು. ನಾನು ಕ್ಷಮೆ ಕೇಳದೆ ಉಳಿದದ್ದು ಅವಳೊಬ್ಬಳಲ್ಲಿ, ನನ್ನ ಅಣ್ಣನ ಮಗಳಲ್ಲಿ.